ಮೊದಲು ಮಷೀನನ್ನೇ ಕೇಳುತ್ತಿದ್ದವರು

ಅಮೆರಿಕದ ಎಲ್ಕ್ ಗ್ರೋವ್ ವಿಲೇಜಿನ ಡೇಟಾ ಸೆಂಟರಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಧಾರವಾಡದವರೊಬ್ಬರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಲಿನಕ್ಸ್ ಸರ್ವರುಗಳಿಗೆ ಸಾಫ್ಟ್‌ವೇರ್ ಪ್ಯಾಕೇಜ್ ಹಾಕುವುದು ನಮ್ಮಿಬ್ಬರ ಕೆಲಸ. ಯಾವ ಪ್ರೊಸೆಸರಿಗೆ ಯಾವ ಪ್ಯಾಕೇಜ್ ಎಂಬುದನ್ನು ನಾನು ನೆನಪಿನಿಂದಲೇ ಬರೆದುಬಿಡುತ್ತಿದ್ದೆ. ಅವರು ಕನ್ನಡಕವನ್ನು ಹಣೆಗೇರಿಸಿ, “ಮೊದ್ಲ ಮಷೀನಿಗೇ ಕೇಳ್ರಿ,” ಎನ್ನುತ್ತಿದ್ದರು. ಮ್ಯಾನೇಜರ್ ಕೂಡ ನನ್ನನ್ನು ದಾಟಿಕೊಂಡು ಅವರ ಹತ್ತಿರವೇ ಹೋಗುತ್ತಿದ್ದ.

ರಿಸೆಷನ್ನಿನ ಆ ಚಳಿಗಾಲ, ನಮ್ಮಿಬ್ಬರಲ್ಲಿ ಒಬ್ಬರ ಕೆಲಸ ಹೋಗುತ್ತದೆಂಬ ಸುದ್ದಿ ಹಬ್ಬಿತ್ತು. ಅದೇ ವಾರ ಪ್ಯಾಕೇಜ್ ಹಾಕಲು ನಾನು ಬರೆದಿದ್ದ ಸ್ಕ್ರಿಪ್ಟ್ ಅರ್ಧ ಸರ್ವರುಗಳಲ್ಲಿ ನಿಂತುಹೋಯಿತು. ಎಲ್ಲವೂ ಅರವತ್ನಾಲ್ಕು ಬಿಟ್ ಪ್ರೊಸೆಸರಿನವೆಂದು ನಂಬಿ ಒಂದೇ ಪ್ಯಾಕೇಜಿನ ಹೆಸರು ಬರೆದಿದ್ದೆ. ಹಳೆಯ ಮೂವತ್ತೆರಡು ಬಿಟ್ ಸರ್ವರುಗಳು ಆ ಪ್ಯಾಕೇಜನ್ನು ಒಲ್ಲೆ ಎಂದವು. ಅವರು ಕುರ್ಚಿ ಎಳೆದುಕೊಂಡು ಬಂದು, ಪ್ರತಿ ಸರ್ವರಿನ ಪ್ರೊಸೆಸರ್ ಯಾವುದೆಂದು ಅದನ್ನೇ ಕೇಳಿ ಸರಿಯಾದ ಪ್ಯಾಕೇಜ್ ಆರಿಸುವ ನಾಲ್ಕು ಸಾಲು ಬರೆಸಿದರು. ಎಲ್ಲ ಕಡೆಯೂ ಓಡಿತು.

ಈ ಐಡಿಯಾ ಯಾರದು ಎಂದು ಮ್ಯಾನೇಜರ್ ಕೇಳಿದ. ನನ್ನದು ಎಂದೆ. ಪಕ್ಕದಲ್ಲೇ ಇದ್ದ ಅವರು ಕನ್ನಡಕ ಇಳಿಸಿಕೊಂಡು ತಮ್ಮ ಕುರ್ಚಿಯನ್ನು ವಾಪಸ್ ಎಳೆದುಕೊಂಡು ಹೋದರು.

ಶುಕ್ರವಾರ ಅವರು ತಮ್ಮ ಸಾಮಾನಿನ ರಟ್ಟಿನ ಡಬ್ಬ ಹಿಡಿದು ಹೊರಟಾಗ ಕಾರಿನ ತನಕ ಹೋದೆ.

“ಸಾರಿ ಸರ್, ನಾನು ಅವತ್ತು...”

“ಇರ್ಲಿ ಬಿಡ್ರಿ. ಸೋಮವಾರ ಬರೋ ಸರ್ವರಿನ ಪ್ರೊಸೆಸರ್ ಬ್ಯಾರೆ ಐತಿ. ಆ ನಾಕ್ ಸಾಲಿನಾಗ ಅದರ ಹೆಸರಿಲ್ಲ, ಸೇರಿಸ್ರಿ.”

ಕೆಲಸ ಕಳೆದುಕೊಂಡು ಹೋಗುತ್ತಿದ್ದವರು ಅವರು. ಆ ಹೊಸ ಪ್ರೊಸೆಸರಿನ ವಿಷಯ ನನಗೇಕೆ ಹೊಳೆಯಲಿಲ್ಲವೆಂದು ಆಗಲೂ ಹೊಟ್ಟೆ ಉರಿದದ್ದು ನನಗೇ.