ಜೀಪಿನ ಬಾನೆಟ್ ಮೇಲಿನ ಮಂಜೂರು

ಹುಬ್ಬಳ್ಳಿ ಹತ್ತಿರದ ಹಳ್ಳಿಯೊಂದರ ಶಾಲೆಗೆ ಚಾವಣಿಯ ಹೊಸ ಸ್ಲ್ಯಾಬ್ ಹಾಕಿ ಮೂರು ವಾರವಾಗಿತ್ತು. ಮರುದಿನವೇ ಮಕ್ಕಳನ್ನು ಒಳಗೆ ಕೂರಿಸಬೇಕು. ಎಂಜಿನಿಯರಾದ ನನ್ನ ಸಹಿ ಒಂದೇ ಬಾಕಿ. ನಾವೆಲ್ಲ ಜೀಪಿನ ಬಾನೆಟ್ ಮೇಲೆಯೇ ಕಡತ ಮುಗಿಸುವವರು. ‘ಮಂಜೂರು’ ಎಂದು ಬರೆಯಲು ಪೆನ್ನು ತೆಗೆದೆ. ಅಲ್ಲೇ ಗಾರೆ ಕೆಲಸಕ್ಕಿದ್ದ ಮುದುಕ ಗೌಂಡಿ ಹುಸೇನಸಾಬರು ಬಂದು ಕಡತದ ಮೇಲೆ ಕೈಯಿಟ್ಟರು.

“ಸಾಹೇಬ್ರ, ಮಂಜೂರ ಅಂದ್ರ ಏನ್ರಿ?”

“ಒಪ್ಪಿಗಿ.”

“ಅದು ಅರಬ್ಬಿ ಮಾತ್ರಿ. ನಜರ್ ಅನ್ನೋದರಿಂದ ಹುಟ್ಟೇತಿ. ಮಂಜೂರ ಅಂದ್ರ ಕಣ್ಣಿಲೆ ನೋಡಿದ್ದು. ನೀವು ನೋಡೀರೇನ್ರಿ?”

“ಏ ಮುದುಕಾ, ನಾಳಿಂದ ಕೆಲಸಕ್ಕ ಬರಬ್ಯಾಡ!” ಪಕ್ಕದಲ್ಲೇ ನಿಂತಿದ್ದ ಗುತ್ತಿಗೆದಾರ ಗದರಿದ.

ಹುಸೇನಸಾಬರು ಕಡತ ಬಿಡಲಿಲ್ಲ. “ನನ್ನ ಮೊಮ್ಮಗಳು ಇದರಾಗ ಕೂಡಾಕಿ ಅದಾಳ್ರಿ.”

ನಿಚ್ಚಣಿಕೆ ಹತ್ತಿದೆ. ಧೈರ್ಯದಿಂದಲ್ಲ, ನಾಚಿಕೆಯಿಂದ. ಮೇಲೆ ಹೊದಿಸಿದ್ದ ಒದ್ದೆ ಗೋಣಿತಾಟು ಸರಿಸಿದರೆ ಉದ್ದಕ್ಕೂ ಬಿರುಕು. ಸಹಿ ಹಾಕಬೇಕಿದ್ದ ಪೆನ್ನು ಅದರೊಳಗೆ ಕ್ಲಿಪ್ಪಿನವರೆಗೂ ಇಳಿಯಿತು. ಕಡತವನ್ನು ಹಾಗೇ ವಾಪಸು ತಂದೆ.

ಈಗ ನನ್ನ ಜೀಪಿನಲ್ಲೇ ನಿಚ್ಚಣಿಕೆ ಇರುತ್ತದೆ. ಗುತ್ತಿಗೆದಾರರು ಹಿಂದಿನಿಂದ ‘ನಿಚ್ಚಣಿಕಿ ಸಾಹೇಬ’ ಅಂತಾರೆ. ಬೇಸರವಿಲ್ಲ. ಬಾನೆಟ್ ಮೇಲೆ ಮಂಜೂರಾದ ಹಳೆಯ ಶಾಲೆಗಳ ಮುಂದೆ ಹಾಯುವಾಗ ಮಾತ್ರ, ಡ್ರೈವರನಿಗೆ “ಲಗೂ ಹೊಡಿಯಪಾ” ಅನ್ನುತ್ತೇನೆ.