ಮೂರು ರೇಂಜಿನ ಕಾರು

ಗೊತ್ತಿಲ್ಲ ಎಂಬ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಯಾರು ಏನು ಹೇಳಿದರೂ ತಲೆಯಾಡಿಸಿಬಿಡುವುದು, ಆಮೇಲೆ ಅದಕ್ಕೊಂದು ಅರ್ಥ ನಾನೇ ಕಟ್ಟಿಕೊಳ್ಳುವುದು, ಇದು ನನ್ನ ಹಳೆಯ ರೋಗ. ಹೊಲದ ಕೆಲಸದ ಜೊತೆಗೆ ಮೂವತ್ತು ವರ್ಷ ಜೀಪು ಓಡಿಸಿದವನು ನಾನು. ತಮಿಳು ಗಡಿಯೊಳಗೆ, ಘಾಟಿಯ ಮೇಲಿರುವ ನಮ್ಮ ಪಣಕಹಳ್ಳಿಯಲ್ಲಿ ಯಾರು ಹಳೇ ಗಾಡಿ ಕೊಳ್ಳುವುದಿದ್ದರೂ ಮೊದಲು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ನಾನು ಬಾನೆಟ್ ಎತ್ತಿಸಿ, ಸದ್ದು ಕೇಳಿ, ಮೀಸೆ ತಿರುವಿ ತೀರ್ಪು ಕೊಡುತ್ತೇನೆ. ಅಂಥವನು ಬ್ಯಾಟರಿ ಕಾರಿನ ಮುಂದೆ ನಿಂತು, ಇದೇನಪ್ಪಾ ನನಗೆ ತಿಳಿಯಲಿಲ್ಲ ಅನ್ನುವುದುಂಟೇ?

ಕಾರು ಬೇಕಾಗಿದ್ದು ನಮ್ಮ ಅಕ್ಕನಿಗಾಗಿ. ಅವ್ವ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ನನ್ನ ಮನೆಗೇ ಬಂದಳು. ಹುಲಿ ಬಂತೆಂದರೂ ಹೆದರದ ಆ ಹೆಂಗಸಿಗೆ ಬಸ್ಸೆಂದರೆ ಮಾತ್ರ ಆಗದು. ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಸಾಕು, ಕರುಳು ಬಾಯಿಗೆ ಬರುವಂತೆ ವಾಂತಿ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವನ್ನು ಅವಳು ಬಸ್ಸಿನಲ್ಲಿ ಇಳಿದಿದ್ದು ಒಂದೇ ಸಲ, ಮಗಳನ್ನು ಸತ್ಯಮಂಗಲಕ್ಕೆ ಮದುವೆ ಮಾಡಿ ಕೊಟ್ಟಾಗ. ಧಾರೆಯ ಹೊತ್ತಿಗೆ ಎದ್ದು ನಿಲ್ಲಲೂ ಆಗದೆ ಚಾಪೆಯ ಮೇಲೆ ಮಲಗಿದ್ದಳು. ಆ ಸಂಕಟ ಅವಳಿಗೆ ಇವತ್ತಿಗೂ ಇದೆ.

ಈಗ ಮಗಳು ಬಸುರಿ. ಮೊದಲ ಹೆರಿಗೆ ತವರಿನಲ್ಲಾಗಬೇಕು. ಆದರೆ ಘಾಟಿ ಹತ್ತಿಸಬೇಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಮಗಳು ಮೇಲೆ ಬರುವ ಹಾಗಿಲ್ಲವೆಂದರೆ ತಾಯಿಯೇ ಕೆಳಗೆ ಹೋಗಬೇಕು. ಅದಕ್ಕೊಂದು ಕಾರಣವೂ ಇತ್ತು. ನಮ್ಮ ಮನೆಯಲ್ಲಿ ಹುಟ್ಟಿದ ಕೂಸಿನ ಮೈಗೆ ಮೊದಲು ತಾಗುವುದು ತಾಯಿಯ ತಾಯಿ ಉಟ್ಟು ಸವೆಸಿದ ಸೀರೆ. ನನ್ನ ಅಕ್ಕನನ್ನೂ, ನನ್ನನ್ನೂ, ಅಕ್ಕನ ಮಗಳನ್ನೂ ಸುತ್ತಿದ್ದು ಅಂಥ ಸೀರೆಯಲ್ಲೇ. ಅಕ್ಕ ತನ್ನ ಎರಡು ಹಳೇ ನೂಲು ಸೀರೆಗಳನ್ನು ಒಗೆದೂ ಒಗೆದೂ ಬೆಣ್ಣೆ ಮಾಡಿಟ್ಟಿದ್ದಳು.

ಬ್ಯಾಟರಿ ಕಾರಿನಲ್ಲಿ ಹೊಗೆಯೇ ಇಲ್ಲವಂತೆ ಎಂದು ತಾಳವಾಡಿಯ ಸಂತೆಯಲ್ಲಿ ಕೇಳಿಕೊಂಡು ಬಂದವಳು ಅವಳೇ.

"ವಾಸ್ನ ಬರ್ದೆ ಇರಾ ಗಾಡಿ ತಕ್ಕಬಾ ಲಾ. ಮಿಕ್ಕುದ್ದೆಲ್ಲ ನಿಂಗೆ ಗೊತ್ತು," ಅಂದಳು. ಮಿಕ್ಕಿದ್ದೆಲ್ಲ ನನಗೆ ಗೊತ್ತು ಎಂದು ಅವಳು ನಂಬಿದ್ದಳು.

ಈರೋಡಿನ ಷೋರೂಮಿನಲ್ಲಿ ಒಂದೇ ಕಾರನ್ನು ಮೂರು ಥರ ಮಾಡಿ ನಿಲ್ಲಿಸಿದ್ದರು. ಬೇಸ್, ಮಿಡ್, ಟಾಪ್. ಹೊರಗಿನಿಂದ ಮೂರೂ ಒಂದೇ ತಾಯಿ ಮಕ್ಕಳು. ನಾನು ಮೊದಲು ಮೂರರ ಹಿಂದೆಯೂ ಬಗ್ಗಿ ಮೂಸಿ ನೋಡಿದೆ. ಸೇಲ್ಸಿನ ಯುವತಿ ಮುಖ ಪಕ್ಕಕ್ಕೆ ತಿರುಗಿಸಿ ನಗು ನುಂಗಿಕೊಂಡಳು. ಆಮೇಲೆ ತಮಿಳಿನಲ್ಲಿ ಶುರು ಮಾಡಿದಳು. ಟಾಪಿನಲ್ಲಿ ತಲೆ ಮೇಲಿನ ಮಾಡು ತೆರೆಯುತ್ತದೆ, ಸೀಟಿನೊಳಗಿಂದ ಗಾಳಿ ಬರುತ್ತದೆ, ಪರದೆ ದೊಡ್ಡದು, ಪಿಕಪ್ ಎಂದರೆ ಕಾಲಿಟ್ಟರೆ ಬಾಣ. ನಾನು ಒಳಗೊಳಗೇ ಕಿಸಕ್ಕೆಂದೆ. ಮಾಡು ತೆರೆದರೆ ನಮ್ಮೂರ ದಾರಿಯಲ್ಲಿ ಆನೆಗೆ ಸೊಂಡಿಲು ಹಾಕಲು ಬಾಗಿಲು ಮಾಡಿಕೊಟ್ಟಂತೆ. ಬಾಣದಂತೆ ಹೋಗಿ ಘಾಟಿಯ ತಿರುವಿನಲ್ಲಿ ಏನು ಮಾಡುವುದು, ಹಾರುವುದೇ? ಬೇಸ್ ಸಾಕು ಅಂದೆ.

"ಬೇಸ್‌ಲ ರೇಂಜ್ ಕಮ್ಮಿ ಸಾರ್," ಅಂದಳು.

ನಾನು ತಲೆಯಾಡಿಸಿದೆ.

ನಮ್ಮ ಕಡೆಯವರನ್ನು ಕೇಳಿ, ರೇಂಜ್ ಎಂದರೆ ಒಂದೇ ಅರ್ಥ. ಕಾಡು. ಅರಣ್ಯ ಇಲಾಖೆ ಅದನ್ನು ಹೋಳು ಮಾಡಿ ಹೆಸರಿಟ್ಟಿದೆ, ತಾಳವಾಡಿ ರೇಂಜು, ಹಾಸನೂರು ರೇಂಜು, ಸತ್ಯಮಂಗಲ ರೇಂಜು. ಆನೆ ಜೋಳ ತಿಂದರೆ ಅರ್ಜಿ ಕೊಡುವುದು ರೇಂಜಿಗೆ. ಹಸು ಸತ್ತರೆ ಯಾವ ರೇಂಜಿನಲ್ಲಿ ಸತ್ತಿತು ಎಂದು ಮೊದಲ ಪ್ರಶ್ನೆ. ಕಾಡಿನ ಗೇಟಿನಲ್ಲಿ ಗಾಡಿ ನಿಲ್ಲಿಸಿದರೂ ಅದೇ ಪ್ರಶ್ನೆ. ಹಾಗಾಗಿ ನನ್ನ ತಲೆ ಒಂದು ಕ್ಷಣದಲ್ಲಿ ಇಡೀ ಅರ್ಥವನ್ನು ಕಟ್ಟಿಬಿಟ್ಟಿತು. ಈ ಕಾರಿಗೆ ಸದ್ದಿಲ್ಲ. ಸದ್ದಿಲ್ಲದ ಗಾಡಿ ಬಂದರೆ ಪ್ರಾಣಿಗೆ ಕೇಳಿಸುವುದಿಲ್ಲ, ಅಡ್ಡ ಬರುತ್ತದೆ. ಆದ್ದರಿಂದ ಯಾವ ಮಾಡಲ್ ಎಷ್ಟು ರೇಂಜಿನಲ್ಲಿ ಓಡಾಡಬಹುದು ಎಂದು ಸರ್ಕಾರವೇ ಕಟ್ಟುಪಾಡು ಮಾಡಿದೆ. ದೊಡ್ಡ ದುಡ್ಡು ಕೊಟ್ಟವನಿಗೆ ಹೆಚ್ಚು ರೇಂಜು, ಬಡವನಿಗೆ ಕಮ್ಮಿ. ಸರ್ಕಾರ ಇರುವುದೇ ಹಾಗಲ್ಲವೇ? ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ.

"ನಮಗೆ ಮೂರು ರೇಂಜು ಸಾಕಮ್ಮ. ಸತ್ಯಮಂಗಲ ಬಂದರಾಯಿತು," ಎಂದು ತಮಿಳಿನಲ್ಲಿ ಹೇಳಿದೆ.

ಅವಳಿಗೆ ಮೊದಲರ್ಧ ತಿಳಿಯಲಿಲ್ಲವೆಂದು ಕಾಣುತ್ತದೆ. ಎರಡನೆಯದು ತಿಳಿಯಿತು. "ಸತ್ತಿ ತಾರಾಳಮಾ ವರುಂ ಸಾರ್," ಅಂದಳು. ಸತ್ತಿ ಎಂದರೆ ಸತ್ಯಮಂಗಲ, ಧಾರಾಳವಾಗಿ ಬರುತ್ತದೆ ಎಂದು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬ್ಯಾಟರಿ ತುಂಬಿಕೊಂಡು ಹೊರಟರೆ ಬಂದೇ ಬರುತ್ತಿತ್ತು. ಇನ್ನೂ ಏನೇನೋ ಹೇಳಿದಳು, ಬೇಸಿಗೆ ಬೇಗ ಚಾರ್ಜಾಗುವ ಸೌಲಭ್ಯ ಇಲ್ಲ ಎಂದೂ ಹೇಳಿರಬೇಕು. ನಾನು ಅದಕ್ಕೂ ತಲೆಯಾಡಿಸಿದೆ. ಬೇಗ ಯಾಕೆ, ರಾತ್ರಿಯಿಡೀ ಇದೆಯಲ್ಲ.

ಮೊದಲ ಸಲ ತಾಳವಾಡಿಗೆ ಹೋಗಿ ಬಂದಾಗ ಅಕ್ಕ ಮುಷ್ಟಿಯಲ್ಲಿ ನಿಂಬೆಹಣ್ಣು ಹಿಡಿದುಕೊಂಡೇ ಕೂತಿದ್ದಳು. ಮೂಸುವ ಅಗತ್ಯವೇ ಬರಲಿಲ್ಲ. ಇಳಿದವಳೇ ಬೀದಿಯಲ್ಲಿ ನಿಂತು, ಕೇಳಿದವರಿಗೂ ಕೇಳದವರಿಗೂ, "ಒಟ್ಟೆ ಒಳ್ಗ ನೀರೂ ಅಲ್ಲಾಡ್ನಿಲ್ಲ ಕಣ್ರವ್ವ," ಎಂದು ಸಾರಿದಳು. ನನಗೆ ಎದೆ ಉಬ್ಬಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದು ಪಕ್ಕದಲ್ಲಿ ಒಂದು ಅಂಕಿ ಕಾಣುತ್ತಿತ್ತು. ಇನ್ನು ಇಷ್ಟು ಕಿಲೋಮೀಟರು ಓಡುತ್ತದೆ ಎಂದು ಅಂದಾಜಾಯಿತು. ಅದಕ್ಕೆ ನಾನು ಮೈಲೇಜು ಎಂದು ಹೆಸರಿಟ್ಟೆ.

ಒಂದು ತಿಂಗಳೂ ಕಳೆದಿರಲಿಲ್ಲ. ಆನೆ ಮರ ಬೀಳಿಸಿ ತಂತಿ ಹರಿದು, ಊರಿಗೆ ಎರಡು ದಿನದಿಂದ ಕರೆಂಟಿಲ್ಲ. ಹೆರಿಗೆಗೆ ಇನ್ನೂ ಎರಡು ವಾರ ಇದೆ ಎಂದು ನಾವು ನೆಮ್ಮದಿಯಾಗಿದ್ದೆವು. ಬೆಳಿಗ್ಗೆ ಅಳಿಯನ ಫೋನು ಬಂತು. ನೋವು ಶುರುವಾಗಿದೆ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದ. ಅಂಕಿ ನೋಡಿದೆ, ಎಪ್ಪತ್ತೊಂದು. ದಾರಿ ಎಪ್ಪತ್ತಕ್ಕಿಂತ ಕೆಳಗೇ. ಸಾಕು ಎಂದೆ. ಅಕ್ಕ ಸೀರೆಯ ಗಂಟು, ಹರಳೆಣ್ಣೆ ಶೀಷೆ, ರಾಗಿಹಿಟ್ಟಿನ ಚೀಲ ಹಿಂದಿನ ಸೀಟಿಗೆ ಹಾಕಿ, ಅಭ್ಯಾಸಬಲದಿಂದ ಒಂದು ನಿಂಬೆಹಣ್ಣು ಹಿಡಿದು ಮುಂದೆ ಕೂತಳು.

ತಾಳವಾಡಿ ದಾಟಿದ ಮೇಲೆ ನನ್ನ ಕಣ್ಣು ರಸ್ತೆಯಿಂದ ಅಂಕಿಗೆ, ಅಂಕಿಯಿಂದ ರಸ್ತೆಗೆ ಓಡಾಡತೊಡಗಿತು. ರಸ್ತೆ ಎರಡು ಕಿಲೋಮೀಟರು ಹೋದರೆ ಅಂಕಿ ಮೂರು ಇಳಿಯುತ್ತಿತ್ತು. ಏರು ಬಂದಲ್ಲಿ ನೋಡನೋಡುತ್ತ ಕರಗುತ್ತಿತ್ತು. ಜೀಪಾಗಿದ್ದರೆ ಗೇರು ಬದಲಿಸುತ್ತಿದ್ದೆ, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುತ್ತಿದ್ದೆ, ದಾರಿಯಲ್ಲಿ ಹೋಗುವವನನ್ನು ನಿಲ್ಲಿಸಿ ಒಂದು ಕ್ಯಾನು ಡೀಸೆಲ್ಲಾದರೂ ಬೇಡುತ್ತಿದ್ದೆ. ಇದರಲ್ಲಿ ನನ್ನ ಕೈಗೆ ಒಂದು ಸ್ಟೇರಿಂಗು ಬಿಟ್ಟರೆ ಏನೂ ಇಲ್ಲ. ಏಸಿ ಆರಿಸಿ ಗಾಜು ಇಳಿಸಿದೆ. ಮುಂದಿದ್ದ ಲಾರಿಯ ಹೊಗೆ ನೇರ ಒಳಗೆ ಬಂತು. ಅಕ್ಕ ನಿಂಬೆಹಣ್ಣು ಮೂಗಿಗೆ ಹಿಡಿದಳು.

ಹಾಸನೂರು ಮುಟ್ಟಿದಾಗ ಇಪ್ಪತ್ತೆರಡು. ಸತ್ಯಮಂಗಲಕ್ಕೆ ಇನ್ನೂ ನಲವತ್ತರ ಹತ್ತಿರ. ಹೆದ್ದಾರಿಯ ಪಕ್ಕದ ಒಂದು ಹೋಟೆಲಿನ ಅಂಗಳದಲ್ಲಿ ಚಾರ್ಜು ಮಾಡುವ ಕಂಬ ಕಂಡು ದೇವರೇ ನಿಂತಂತಾಯಿತು. ಅದನ್ನು ನೋಡಿಕೊಳ್ಳುವವನು ನನ್ನದೇ ವಯಸ್ಸಿನವನು, ಟೀ ಕೊಡುವವನೂ ಅವನೇ. ದಪ್ಪ ಕೇಬಲ್ಲು ಎಳೆದು ತಂದು, ನಮ್ಮ ಕಾರಿನ ಮುಚ್ಚಳ ತೆಗೆದು ನೋಡಿ ನಿಂತುಬಿಟ್ಟ. ಮೇಲೆ ಒಂದು ಗುಂಡು ತೂತು ಇತ್ತು. ಅದರ ಕೆಳಗೆ ಎರಡು ದೊಡ್ಡ ತೂತು ಇರಬೇಕಾದ ಕಡೆ ಬರೀ ಪ್ಲಾಸ್ಟಿಕ್ಕು.

"ಇದು ಬೇಸ್ ಮಾಡಲ್ ಕಣಣ್ಣ. ಇದ್ಕ ಈ ಚಾರ್ಜರ್ ಕೂರಲ್ಲ," ಅಂದ. "ರೇಂಜ್ ಎಸ್ಟದ?"

"ತಾಳವಾಡಿ ರೇಂಜು ದಾಟಾಯ್ತು. ಇದು ಹಾಸನೂರು ರೇಂಜು. ಇನ್ನ ಸತ್ತಿ ರೇಂಜು ಒಂದದ," ಅಂದೆ.

ಅವನು ಕೇಬಲ್ಲು ಹಿಡಿದುಕೊಂಡೇ ನನ್ನ ಮುಖ ನೋಡಿದ. ನಕ್ಕಿದ್ದರೆ ನಾನೂ ನಕ್ಕುಬಿಡುತ್ತಿದ್ದೆನೇನೋ. ಅವನು ನಗಲಿಲ್ಲ. ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದ. "ಆ ರೇಂಜಲ್ಲ ಕಣಣ್ಣ. ಇರಾ ಚಾರ್ಜಲ್ಲಿ ಗಾಡಿ ಎಸ್ಟು ದೂರ ಓಯ್ತದ ಅಂತಾರಲ್ಲ, ಅದು ರೇಂಜು. ಬೇಸಲ್ಲಿ ಬ್ಯಾಟ್ರಿ ಚಿಕ್ಕುದು, ಅದ್ಕೇ ರೇಂಜ್ ಕಮ್ಮಿ."

ಮುಂದಿನ ಸೀಟಿನಲ್ಲಿ ಕೂತು ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ನಾಚಿಕೆಯೆಂದರೆ ಏನೆಂದು ನನಗೆ ಆವತ್ತು ಗೊತ್ತಾಯಿತು. ಮೂರೂ ಕಾರುಗಳ ಮುಂದೆ ನಿಂತು ನಾನು ತೆರೆಯುವ ಮಾಡಿಗೂ ಪಿಕಪ್ಪಿಗೂ ನಕ್ಕಿದ್ದೆ. ಅವುಗಳ ನಡುವೆ ನಿಜವಾಗಿ ಇದ್ದ ವ್ಯತ್ಯಾಸ ಒಂದು ಅಂಕಿ ಮತ್ತು ಎರಡು ತೂತು. ಅದನ್ನು ಆ ಯುವತಿ ಬಾಯಿಬಿಟ್ಟು ಹೇಳಿದ್ದಳು.

ಹೋಟೆಲಿನ ಹಿಂದೆ ಮಾಮೂಲಿ ಪ್ಲಗ್ಗು ಇದೆ, ನಿಧಾನಕ್ಕೆ ಏರುತ್ತದೆ ಎಂದು ಅವನು ಹೇಳಿದ. ವೈರು ಎಲ್ಲಿಯವರೆಗೆ ಬರುತ್ತದೆ, ಕಾರು ಎಲ್ಲಿ ನಿಲ್ಲಿಸಬೇಕು ಎಂದು ನೋಡಲು ನಾನು ಅವನ ಹಿಂದೆ ಹೋದೆ. ಐದು ನಿಮಿಷವೂ ಆಗಿರಲಿಕ್ಕಿಲ್ಲ. ವಾಪಸ್ಸು ಬಂದಾಗ ಮುಂದಿನ ಸೀಟು ಖಾಲಿ. ರಸ್ತೆಯಲ್ಲಿ ಸತ್ಯಮಂಗಲದ ಬಸ್ಸು ಹೊರಟಿತ್ತು. ಕಿಟಕಿಯಲ್ಲಿ ಅಕ್ಕ ಕೂತಿದ್ದಳು, ಸೆರಗು ಮೂಗಿಗೆ ಒತ್ತಿಕೊಂಡು, ಒಂದು ಮುಷ್ಟಿಯಲ್ಲಿ ನಿಂಬೆಹಣ್ಣು.

"ಅಕ್ಕಾ!" ಎಂದು ಕೂಗಿದೆ.

"ನೀ ನಿದಾನ್ಕ ಬಾ ಲಾ. ಎಣ್ಣು ಒಬ್ಳೇ ಅವ್ಳೆ," ಅಂದಳು. ಅಷ್ಟರಲ್ಲಿ ಡೀಸೆಲ್ ಹೊಗೆ ಕಾರಿ ಬಸ್ಸು ತಿರುವಿನಲ್ಲಿ ಮರೆಯಾಯಿತು. ಓಡಿ ಹಿಡಿಯುವ ವಯಸ್ಸು ನನ್ನದಲ್ಲ. ಹಿಡಿದರೂ ಏನು ಮಾಡುತ್ತಿದ್ದೆ? ಇಳಿ ಎಂದರೆ ಯಾವುದರಲ್ಲಿ ಕೂರಿಸುವುದು?

ವೈರು ಸಿಕ್ಕಿಸಿ ಕಾರಿನೊಳಗೆ ಕೂತೆ. ಹಿಂದಿನ ಸೀಟಿನಲ್ಲಿ ಸೀರೆಯ ಗಂಟು ಹಾಗೇ ಇತ್ತು. ಆತುರದಲ್ಲಿ ಮರೆತಿದ್ದಳು. ಅದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಇಪ್ಪತ್ತೆರಡು ಇಪ್ಪತ್ತಮೂರಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಷ್ಟು ಹತ್ತಿರದಿಂದ ನೋಡಿದವರು ಕಮ್ಮಿ. ಅಳು ಬಂತು. ಬಂದದ್ದನ್ನು ತಡೆಯಲಿಲ್ಲ.

ಗಂಟೆ ಕಳೆದ ಮೇಲೆ ಹೋಟೆಲಿನವನು ಟೀ ತಂದುಕೊಟ್ಟು, ಇನ್ನೂ ಯಾಕೆ ಕೂತಿದ್ದೀರಿ ಎಂದು ಕೇಳಿದ. ಚಾರ್ಜು ಸಾಲದಲ್ಲ ಅಂದೆ.

"ದಿಂಬಂ ಗಂಟ ಅತ್ತುದ್ರೆ ಆಯ್ತು ಕಣಣ್ಣ. ಆಮೇಲ ಬರೀ ಇಳುಕ್ಲು. ಇಳಿವಾಗ ಗಾಡಿನೇ ಕರೆಂಟು ಮಾಡ್ಕತದ. ಮೊದ್ಲೇ ಓಗ್ಬೋದಿತ್ತು. ನಿಮ್ಗೆ ಗೊತ್ತಿರ್ತದ ಅನ್ಕಂಡಿ."

ನನಗೆ ಗೊತ್ತಿರುತ್ತದೆ ಅಂದುಕೊಂಡಿದ್ದನಂತೆ. ಎಲ್ಲರೂ ಹಾಗೇ ಅಂದುಕೊಳ್ಳುವಂತೆ ಜೀವನವಿಡೀ ನಡೆದುಕೊಂಡವನು ನಾನೇ. ಅಂಕಿ ಇಪ್ಪತ್ತಾರಕ್ಕೆ ಏರಿತ್ತು, ಟೀ ಅಲ್ಲೇ ಬಿಟ್ಟು ಹೊರಟೆ. ದಿಂಬಂನಲ್ಲಿ ಅಂಕಿ ಏಳಕ್ಕೆ ಬಂದು ಕೆಂಪಾಯಿತು. ಮೊದಲ ತಿರುವಿನಲ್ಲಿ ಬ್ರೇಕು ತುಳಿಯುತ್ತ ಇಳಿದೆ. ಏಳೇ ಇತ್ತು. ಐದನೆಯ ತಿರುವಿನಲ್ಲಿ ಎಂಟು. ಆಮೇಲೆ ಹತ್ತು, ಹದಿಮೂರು. ಘಾಟಿಯ ಬುಡ ಮುಟ್ಟಿದಾಗ ಹದಿನೇಳು. ಅಂಕಿ ಏರಿದಷ್ಟೂ ನನ್ನ ಸಂಕಟ ಏರಿತು. ಅಕ್ಕ ಪಕ್ಕದಲ್ಲೇ ಕೂತು ಬರಬಹುದಿತ್ತು.

ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಅವಳು ಗೋಡೆಗೆ ಒರಗಿದ್ದಳು. ಮುಖ ಬಿಳಿಚಿಕೊಂಡಿತ್ತು, ಸೀರೆಯ ಮುಂಭಾಗವೆಲ್ಲ ತೊಳೆದು ಒದ್ದೆ. ನಿಂಬೆಹಣ್ಣು ಹಿಂಡಿ ಸಿಪ್ಪೆಯಾಗಿ ಕೈಯಲ್ಲೇ ಇತ್ತು. ಅರ್ಧ ಗಂಟೆಯ ಹಿಂದೆ ಹೆಣ್ಣು ಕೂಸು ಹುಟ್ಟಿತ್ತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ನರ್ಸು ಬಟ್ಟೆ ಕೇಳಿದಾಗ ಅಕ್ಕನ ಕೈಯಲ್ಲಿ ಏನೂ ಇರಲಿಲ್ಲ. ಬೀಗಿತ್ತಿ ತಮ್ಮ ಸೀರೆ ಕೊಟ್ಟಿದ್ದರು.

ನಾನು ಗಂಟನ್ನು ಅವಳ ಮಡಿಲಲ್ಲಿ ಇಟ್ಟೆ. ಅವಳು ಬಿಚ್ಚಿದಳು. ಬೆಣ್ಣೆಯಂಥ ಆ ಸೀರೆಯನ್ನು ಒಂದು ಗಳಿಗೆ ಸವರಿದಳು, ಆಮೇಲೆ ಅದರ ತುದಿಯಿಂದಲೇ ತನ್ನ ಮುಖ, ಬಾಯಿ, ಕತ್ತು ಒರೆಸಿಕೊಂಡಳು. ಬಯ್ಯುತ್ತಾಳೆ ಎಂದು ಕಾದೆ. ಬಯ್ದಿದ್ದರೆ ಹಗುರಾಗುತ್ತಿತ್ತು.

"ಸಂದಾಗವ್ಳೆ ಕೂಸು. ಓಗಿ ನೋಡು," ಅಂದಳು. ನಾನು ಏಳಲಿಲ್ಲ. ಸೀರೆ ಮಡಿಸುತ್ತ ಅವಳೇ ಮೆಲ್ಲಗೆ ಕೇಳಿದಳು, "ಮನಗ ಓಗಕ ಘಾಟಿ ಅತ್ಬೇಕಲ್ಲ ಲಾ. ಅದ್ಕ ಎಸ್ಟು ರೇಂಜು ಬೇಕು?"

ಬಾಯಿಗೆ ಒಂದು ಅಂಕಿ ಬಂದಿತ್ತು. ನುಂಗಿಕೊಂಡೆ.

"ಗೊತ್ತಿಲ್ಲ ಕಣಕ್ಕ," ಅಂದೆ. "ಯಾರ್ನಾರ ಕೇಳ್ಕಂಡು ಬತ್ತೀನಿ."