ನೀಲಾ ಆಂಟಿಯ ನಲವತ್ತು

ಗಿಟಾರಿನ ತಂತಿ ಒರೆಸಿದ ಮೇಲೆ ಬೆರಳಿಗೆ ಒಂದು ವಾಸನೆ ಹತ್ತುತ್ತದೆ. ಕಿಟಕಿಯ ಕಬ್ಬಿಣದ ಸರಳು ಹಿಡಿದು ಬಹಳ ಹೊತ್ತು ನಿಂತರೆ ಬರುವಂಥದು. ಇವತ್ತು ಬೆಳಿಗ್ಗೆ ಅದು ಮೂಗಿಗೆ ಬಂದದ್ದೇ ತಡ, ನಾನು ಸ್ಟರ್ಲಿಂಗ್ ಹೈಟ್ಸಿನ ನನ್ನ ಮನೆಯಿಂದ ಎದ್ದು ಪಕ್ಕದೂರು ಟ್ರಾಯ್‌ನಲ್ಲಿದ್ದ ನೀಲಾ ಆಂಟಿಯ ಬೇಸ್‌ಮೆಂಟಿಗೆ ಇಳಿದುಬಿಟ್ಟೆ. ಮನಸ್ಸಿನಲ್ಲಿ ಅಷ್ಟೇ, ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ.

ಆಂಟಿ ಹುಬ್ಬಳ್ಳಿಯವರು. ಈ ದೇಶಕ್ಕೆ ಬಂದು ಕಾರಿನ ಗೇರು ತಯಾರಿಸುವ ಕಾರ್ಖಾನೆಯಲ್ಲಿ ಗೇರಿನ ಹಲ್ಲುಗಳ ಅಳತೆ ನೋಡುತ್ತ ನಿವೃತ್ತರಾದವರು. ಪಕ್ಕದ ಮೇಜಿನ ಹೆಂಗಸೊಬ್ಬಳು ಊಟದ ಬಿಡುವಿನಲ್ಲಿ ಹಿಡಿಸಿದ ಗಿಟಾರು ಅವರನ್ನು ಬಿಡಲೇ ಇಲ್ಲ. ನಾನು ಕಲಿಯಲು ಹೋದ ಮೊದಲ ದಿನ ಬಳೆ ಬಿಚ್ಚಿ ವಾಷಿಂಗ್ ಮಷೀನಿನ ಮೇಲಿಟ್ಟರು, ಸ್ವೆಟರಿನ ತೋಳು ಮಡಚಿದರು, ಮೆಟ್ರೊನೋಮನ್ನು ನಲವತ್ತಕ್ಕೆ ಇಟ್ಟರು. ನಿಮಿಷಕ್ಕೆ ನಲವತ್ತು ಸಲ ಟಿಕ್ ಎನ್ನುವುದು ಎಷ್ಟು ನಿಧಾನ ಗೊತ್ತೇ? ಒಂದು ಟಿಕ್ಕಿಗೂ ಇನ್ನೊಂದಕ್ಕೂ ನಡುವೆ, ಗ್ಯಾರೇಜಿನ ಬಾಗಿಲು ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬಂದು, ಬಗೆಹರಿದು, ಹೋಗಿರುತ್ತದೆ.

ಆಂಟಿ ಹದಿನಾರು ಸ್ವರಗಳ ಒಂದು ತುಣುಕನ್ನು ನುಡಿಸಿದರು. ಅದನ್ನೇ ಐವತ್ತಕ್ಕೆ, ಎಂಬತ್ತಕ್ಕೆ, ನೂರಾ ಅರವತ್ತಕ್ಕೆ. ವೇಗ ಏರಿತು, ಬೆರಳು ಏರಲಿಲ್ಲ. ತಂತಿಯಿಂದ ಒಂದು ಅಕ್ಕಿಕಾಳಿನಷ್ಟು ಮೇಲೆದ್ದು ಮತ್ತೆ ಇಳಿಯುತ್ತಿದ್ದವು. ಹೆಗಲು ಅಲುಗಲಿಲ್ಲ. ಮುಖದಲ್ಲಿ ಬೇಳೆ ಆರಿಸುವವರ ನಿರಾಳ. ಸುತ್ತ ಜೋಡಿಸಿಟ್ಟ ಉಪ್ಪಿನಕಾಯಿ ಭರಣಿಗಳ ಮಧ್ಯೆ, ನನ್ನ ತಾಯಿಯ ವಯಸ್ಸಿನ ಹೆಂಗಸಿನ ಕೈಯಿಂದ ಅಂಥ ನಾದ ಹೊರಡುವುದನ್ನು ನಾನು ಬಾಯಿ ತೆರೆದುಕೊಂಡು ನೋಡಿದೆ. ಈಗ ನೆನೆದರೂ ಕೂತಲ್ಲೇ ಬೆನ್ನು ನೆಟ್ಟಗಾಗುತ್ತದೆ.

ಅವರ ನಿಯಮ ಕಾರ್ಖಾನೆಯದು. ಸತತ ಮೂರು ಸಲ ಸರಿ ಬಂದರೆ ನಾಲ್ಕು ಏರಿಸು. ಒಂದೇ ಸಲ ತಪ್ಪಿದರೂ ಹತ್ತು ಇಳಿಸು.

ನಾನೋ ನಮ್ಮ ಮನೆತನದ ಮೊದಲ ಪದವೀಧರ. ಅರ್ಥವಾಗದ್ದನ್ನು ಬಾಯಿಪಾಠ ಮಾಡಿ, ಅರ್ಥವಾದದ್ದನ್ನೂ ಯಾವುದಕ್ಕೂ ಇರಲಿ ಎಂದು ಬಾಯಿಪಾಠ ಮಾಡಿ ಎಂಜಿನಿಯರಾದವನು. ಅದಕ್ಕೆ ನನಗೆ ನಾಚಿಕೆಯಿಲ್ಲ. ಹತ್ತಲು ನನಗಿದ್ದದ್ದು ಅದೊಂದೇ ಏಣಿ. ಆದರೆ ಮೆಟ್ರೊನೋಮಿನ ಸಂಖ್ಯೆಯೂ ನನ್ನ ಕಣ್ಣಿಗೆ ಅಂಕದ ಹಾಗೆ ಕಂಡಿತು. ಮೂರೇ ವಾರಕ್ಕೆ ನೋಟ್‌ಬುಕ್ಕಿನಲ್ಲಿ ನೂರಿಪ್ಪತ್ತು ಎಂದು ಬರೆದು ಒಯ್ದು ತೋರಿಸಿದೆ.

"ಮಾರ್ಕ್ಸ್ ಕಾರ್ಡ್ ತಂದೀಯಲ್ಲೋ. ಎಲ್ಲಿ, ಬಾರ್ಸು," ಎಂದರು ಆಂಟಿ. ನುಡಿಸಿದೆ.

"ಎಷ್ಟು ಸ್ವರ ಅದಾವ ಇದರಾಗ?"

"ಹದಿನಾರು ಆಂಟಿ."

"ನನಗ ಹನ್ನೊಂದು ಕೇಳಿಸಿದ್ವು. ಉಳಿದದ್ದು ಕಾರಿನ್ಯಾಗ ಬಿಟ್ಟು ಬಂದೀಯೇನು? ನೀ ಸ್ಪೀಡ್ ಕಲೀಲಿಕ್ಕೆ ಹತ್ತಿಲ್ಲಪಾ, ತಪ್ಪು ಕಲೀಲಿಕ್ಕೆ ಹತ್ತೀದಿ. ನಲವತ್ತಕ್ಕ ಇಡು."

ಇಟ್ಟೆ. ಚಳಿಗಾಲವಿಡೀ ಇಟ್ಟೆ.

ಆ ಸಲ ಇಲ್ಲಿನ ಕನ್ನಡಿಗರ ಯುಗಾದಿ ಕಾರ್ಯಕ್ರಮದಲ್ಲಿ ಒಂದು ಹಾಡಿನ ನಡುವೆ ಹದಿನಾರು ಆವರ್ತನೆಯ ಸೋಲೊ, ಅಲ್ಲೇ ಹೊಳೆದದ್ದನ್ನು ಗಿಟಾರಿನಲ್ಲಿ ನುಡಿಸುವ ಜಾಗ, ಆಂಟಿಯದಿತ್ತು. ಚಳಿಗೆ ಅವರ ಎಡಗೈ ಬೆರಳುಗಳು ಸೆಟೆದುಕೊಂಡು ಮಡಚದಾದವು. "ನೀ ಬಾರ್ಸು. ಒಲ್ಲೆ ಅಂದ್ರ ಆ ಜಾಗಾನ ತೆಗದುಬಿಡ್ತೀವಿ," ಎಂದರು. ಹಾಗೆ ಹೇಳುವಾಗ ಮುಖ ಬೇರೆ ಕಡೆಗಿತ್ತು. ಒಲ್ಲೆ ಎನ್ನಲಾಗಲಿಲ್ಲ. ಮನೆಗೆ ಬಂದು ಏನು ಮಾಡಿದೆ ಎಂದು ನೀವು ಊಹಿಸಿರುತ್ತೀರಿ: ಸೋಲೊ ಪೂರ್ತಿ ಬರೆದು ಬಾಯಿಪಾಠ ಮಾಡಿದೆ.

ಕಾರ್ಯಕ್ರಮಕ್ಕೆ ಒಂದು ವಾರ ಮುಂಚೆ ಆಂಟಿ ಆ ಕಾಗದವನ್ನು ಮಡಚಿ ಭರಣಿಯ ಕೆಳಗಿಟ್ಟರು. "ಈಗ ಇದನ್ನ ಬಾಯಿಲೆ ಹಾಡು."

"ಬೆರಳಿನ ನಂಬರಷ್ಟೇ ಗೊತ್ತು ಆಂಟಿ, ಹಾಡಾಕ ಬರಂಗಿಲ್ಲ."

"ಹಾಡಾಕ ಬರಲಾರದ್ದು ಬಾರ್ಸಾಕ ಹೆಂಗ ಬರತೈತೋ? ನಿಮ್ಮ ಮನ್ಯಾಗ ಯಾರರೆ ಹಾಡ್ತಿದ್ರೇನು?"

ಯಾರೂ ಹಾಡುತ್ತಿರಲಿಲ್ಲ. ಅಪ್ಪ ಗದಗಿನ ಕಾಳಿನ ಬಜಾರದಲ್ಲಿ ಸೇರು ಹಿಡಿದು ಜೋಳ ಅಳೆಯುತ್ತಿದ್ದರು. ಈ ದೇಶದಲ್ಲಿ ಕೇಳಿದವರಿಗೆಲ್ಲ ನಾನು 'ಅಪ್ಪನದು ಬಿಸಿನೆಸ್' ಎಂದಿದ್ದೆ. ಪದವಿಯ ಬಗ್ಗೆ ಇಷ್ಟು ಜಂಬ ಪಡುವವನು, ಅದು ಯಾರ ಹೆಗಲ ಮೇಲಿಂದ ಬಂತೆಂದು ಹೇಳದೆ ಉಳಿದಿದ್ದೆ. ಅವತ್ತು ಹೇಳಿದೆ. ಅಳೆಯುವಾಗ ಅವರು ರಾಗ ಎಳೆಯುತ್ತಿದ್ದುದನ್ನೂ ಹೇಳಿದೆ.

"ಅಳೀ ಹಂಗಾರ," ಎಂದರು ಆಂಟಿ.

ನಮ್ಮ ಕಡೆ ಕಾಳು ಅಳೆಯುವಾಗ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಮುಂದಿನ ಸೇರು ತುಂಬುವವರೆಗೆ ಅದನ್ನೇ ಎಳೆಯುತ್ತಾರೆ, ಲೆಕ್ಕ ತಪ್ಪದಿರಲೆಂದು. ನಾನು ಕಣ್ಣು ಮುಚ್ಚಿ ಅಪ್ಪನ ದನಿಯಲ್ಲಿ ಎಳೆದೆ: "ಲಾಭಾ... ಲಾಭ ಲಾಭ. ಎರಡಾ... ಎರಡ ಎರಡ."

ಆಂಟಿ ತೊಡೆಯ ಮೇಲೆ ಅದೇ ಲಯ ತಟ್ಟಿದರು. "ಇದನ್ನ ಎಲ್ಲಿ ಮುಚ್ಚಿಟ್ಟಿದ್ದೋ?"

ಆದರೂ ನಾನು ಕಳ್ಳ. ಬಾಯಿಪಾಠವನ್ನು ತಲೆಯಲ್ಲಿ ಬಚ್ಚಿಟ್ಟುಕೊಂಡೇ ವೇದಿಕೆ ಹತ್ತಿದ್ದೆ. ತಬಲದವರು ಅಭ್ಯಾಸದಲ್ಲಿದ್ದದ್ದಕ್ಕಿಂತ ಚುರುಕಾಗಿ ಎತ್ತಿಕೊಂಡರು, ನನ್ನ ಸರದಿ ಬಂತು, ತಲೆಯಲ್ಲಿ ಒಂದು ಸ್ವರವೂ ಇಲ್ಲ. ಒಂದು ಆವರ್ತನೆ ಖಾಲಿ ಹೋಯಿತು. ಎರಡನೆಯದೂ ಹೋಯಿತು. ಮೊದಲ ಸಾಲಿನಲ್ಲಿ ಆಂಟಿ ತೊಡೆಯ ಮೇಲೆ ಕೈಯಿಟ್ಟು ಕೂತಿದ್ದರು. ಬೇರೇನೂ ತೋಚದೆ ಮೂರು ಸ್ವರ ಹಾಕಿದೆ: ಲಾಭಾ. ಕಾದೆ. ಲಾಭ ಲಾಭ. ಆಮೇಲೆ ಎರಡು, ಮೂರು. ಹನ್ನೆರಡನೆಯ ಆವರ್ತನೆಯ ಹೊತ್ತಿಗೆ ಚೀಲದ ಬಾಯಿ ಬಿಚ್ಚಿದಂತೆ ಸ್ವರಗಳು ಸುರಿಯತೊಡಗಿದವು. ನಾನು ಕೆಳಗೆ ನೋಡಿದೆ. ನನ್ನ ಬೆರಳುಗಳು ತಂತಿಯಿಂದ ಅಕ್ಕಿಕಾಳಿನಷ್ಟೇ ಮೇಲಿದ್ದವು.

"ಡ್ಯಾಡ್, ವಾಸ್ ದಟ್ ಯೂ?" ಎಂದಳು, ವೇದಿಕೆ ಇಳಿಯುತ್ತಲೇ ಓಡಿ ಬಂದ ನನ್ನ ಮಗಳು. ನನಗೂ ಅದೇ ಸಂಶಯವಿತ್ತು.

"ಹದಿನೈದನೇದ್ರಾಗ ಅವಸರ ಮಾಡ್ದಿ," ಎಂದರು ಆಂಟಿ. ಆದರೆ ಆ ಮಡಚದ ಬೆರಳುಗಳಲ್ಲಿ ನನ್ನ ಕೈ ಹಿಡಿದವರು ಬಹಳ ಹೊತ್ತು ಬಿಡಲಿಲ್ಲ.

ಈಗ ಅವರು ದೂರದ ಲಿಸ್ಲ್‌ನಲ್ಲಿ ಮಗನ ಮನೆಯಲ್ಲಿದ್ದಾರೆ. ಇವತ್ತು ತಂತಿ ಒರೆಸಿ ಅವರಿಗೆ ಫೋನ್ ಮಾಡಿದೆ.

"ಎಷ್ಟಕ್ಕ ಇಟ್ಟೀ?"

"ನಲವತ್ತಕ್ಕ, ಆಂಟಿ."

"ಸುಳ್ಳು ಹೇಳಬ್ಯಾಡ."

ಫೋನನ್ನು ಮೆಟ್ರೊನೋಮಿನ ಪಕ್ಕಕ್ಕೆ ಹಿಡಿದೆ. ಟಿಕ್. ನಲವತ್ತು ಹೌದೋ ಅಲ್ಲವೋ ತಿಳಿಯಲು ಹೊತ್ತು ಬೇಕು. ಆಂಟಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಆ ತುದಿಯಿಂದ ಸಣ್ಣ, ನಡುಗುವ ದನಿಯೊಂದು ಎಳೆಯಿತು: "ಲಾಭಾ..."

ನಾನು ತಂತಿಯ ಮೇಲೆ ಬೆರಳಿಟ್ಟೆ.